ಮೇಲಿನವರು ಮತ್ತು ನೀರಿನ ಬಿಲ್ಲು

ಕೊಟ್ಟೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ನಮ್ಮನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ನಾವು ಮಹಡಿಯ ಮೇಲಿದ್ದೆವು, ಅವರು ಕೆಳಗಿದ್ದರು. ಹಾಗಾಗಿ ನಾವು 'ಮ್ಯಾಲಿನವ್ರು'. ನಮ್ಮ ಮನೆತನದವರನ್ನು ಯಾರಾದರೂ ಮೇಲಿನವರು ಎಂದು ಕರೆದದ್ದು ಅದೇ ಮೊದಲಾದ್ದರಿಂದ ನಾನೂ ಬೇಸರ ಮಾಡಿಕೊಳ್ಳಲಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನನ್ನ ಗಂಡ ಬಸ್ ಕಂಡಕ್ಟರ್, ಹರಪನಹಳ್ಳಿಯವರು. ಹಡಗಲಿ, ಕೂಡ್ಲಿಗಿ ಎಂದು ದಿನವಿಡೀ ಓಡಾಡಿ, ಯಾರು ಏನೇ ಕೂಗಾಡಿದರೂ 'ಮುಂದೆ ನಡೀರಿ, ಮುಂದೆ ನಡೀರಿ' ಎಂದು ಚೀಟಿ ಹರಿಯುವ ಸಮಾಧಾನ ಅವರಿಗಿದೆ. ನನಗಿಲ್ಲ. ಯಜಮಾನರು ಶೇಂಗಾ ದಲಾಲಿ ಅಂಗಡಿಯನ್ನು ಬಹುಕಾಲ ನಡೆಸಿ, ಕೊನೆಗೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕುಳಿತಿದ್ದರು. ಅಂಗಡಿ ಬಿಟ್ಟಿದ್ದರೇ ಹೊರತು ಎದುರಿಗೆ ಬಂದವರನ್ನು ತೂಗಿ ನೋಡುವುದನ್ನು ಬಿಟ್ಟಿರಲಿಲ್ಲ.

ಮನೆ ಕೇಳಲು ಹೋದ ದಿನ ನಮ್ಮನ್ನೂ ತೂಗಿದರು.

"ಯಾವೂರ್ರಿ ನಿಮ್ದು?"

ಹಗರಿಬೊಮ್ಮನಹಳ್ಳಿ ಹತ್ತಿರದ ನಮ್ಮ ಹಳ್ಳಿಯ ಹೆಸರು ಹೇಳಿದೆ.

"ಹೌದ? ಬಾಳ ಗೊತ್ತಿರೋ ಊರು. ಅಲ್ಲಿ ಯಾವ ಓಣಿ?"

ಹಳ್ಳಿಯ ಓಣಿ ತಿಳಿದುಕೊಂಡು ಕೊಟ್ಟೂರಿನ ಮನೆಯ ಬಾಡಿಗೆಯನ್ನು ಹೇಗೆ ನಿರ್ಧರಿಸುತ್ತಾರೆ ಎಂದು ಹೊರಗಿನವರು ಕೇಳಬಹುದು. ನಮ್ಮ ಕಡೆಯವರು ಯಾರೂ ಕೇಳುವುದಿಲ್ಲ. ನಾನು ಓಣಿಯ ಹೆಸರನ್ನೂ ಹೇಳಿದೆ. ಯಜಮಾನರು "ಹೂಂ..." ಎಂದು ಎಳೆದು, ಛಾವಣಿಯ ಫ್ಯಾನು ನೋಡತೊಡಗಿದರು. ಆಗ ಒಳಗಿನಿಂದ ಅವರ ಹೆಂಡತಿ, ನಾವು ಮುಂದೆ ಅಮ್ಮಾರು ಎಂದು ಕರೆದವರು, ಬಾಗಿಲಿಗೆ ಬಂದು ಹೇಳಿದರು:

"ಸರ್ಕಾರಿ ನರ್ಸು ಅಂತ ರೀ. ನಿಮ್ಮ ಬಿಪಿ ನೋಡಾಕ ದಿನಾ ಮೆಡಿಕಲ್ ಶಾಪಿಗೆ ಹೋಗೋದು ತಪ್ತೈತಿ."

ಹೀಗೆ ಯಜಮಾನರ ರಕ್ತದೊತ್ತಡದ ಪುಣ್ಯದಿಂದ ನಮಗೆ ಮನೆ ಸಿಕ್ಕಿತು.

ಮೊದಲ ವಾರ ಅವರು ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೆ ನಿಂತು ಮನೆಯೊಳಗೆ ಕಣ್ಣಾಡಿಸಿದರು. ಗೋಡೆಯ ಮೇಲೆ ನನ್ನ ಅಪ್ಪ ಕೊಟ್ಟ ಬುದ್ಧನ ಚಿತ್ರವಿತ್ತು. ನಾವು ದಿನವೂ ಅದರ ಮುಂದೆ ದೀಪ ಹಚ್ಚುವವರು.

"ಶೋಪೀಸ್ ಬಾಳ ಚಂದ ಐತಿ," ಎಂದರು. "ಎಲ್ಲಿ ತಂದ್ರಿ?"

ಒಳಗೆ ಬನ್ನಿ, ನೀರು ಕುಡಿಯಿರಿ ಎಂದೆ. "ಈಗಷ್ಟ ಕುಡದು ಬಂದೆ." ಹಾಗಾದರೆ ಚಹಾ? "ಶುಗರ್ ಐತಿ." ಸಕ್ಕರೆ ಹಾಕದೆ ಮಾಡುತ್ತೇನೆ ಎಂದೆ. "ಡಾಕ್ಟರು ಚಾನ ಬ್ಯಾಡ ಅಂದಾರ." ಅದೇ ದಿನ ಸಂಜೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುತ್ತಿದ್ದುದನ್ನು ನನ್ನ ಗಂಡ ಕಂಡು ಬಂದರು. ಡಾಕ್ಟರು ಬೇಡ ಎಂದದ್ದು ಮಹಡಿಯ ಮೇಲಿನ ಚಹಾ ಮಾತ್ರ ಇರಬೇಕು. ಎಂಥೆಂಥ ಸೂಕ್ಷ್ಮ ವೈದ್ಯರಿದ್ದಾರೆ ಎಂದು ಆಸ್ಪತ್ರೆಯಲ್ಲೇ ಕೆಲಸ ಮಾಡುವ ನನಗೆ ಗೊತ್ತಿರಲಿಲ್ಲ.

ಆ ಮನೆಗೆ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತಿತ್ತು. ಬಂದ ನೀರು ಮೀಟರ್ ದಾಟಿ ಅಂಗಳದ ನೆಲದೊಳಗಿನ ಸಂಪ್ ತೊಟ್ಟಿಗೆ ಬೀಳುತ್ತಿತ್ತು. ಮೋಟರು ಹಾಕಿದರೆ ಮಾಳಿಗೆಯ ಮೇಲಿನ ಕರಿ ಟ್ಯಾಂಕಿಗೆ ಏರುತ್ತಿತ್ತು. ಅಲ್ಲಿಂದ ಎರಡು ಪೈಪು ಇಳಿದಿದ್ದವು, ಒಂದು ನಮಗೆ, ಒಂದು ಅವರಿಗೆ. ಬಿಲ್ಲು ಬಂದರೆ ಅರ್ಧ ನಮ್ಮದು, ಅರ್ಧ ಅವರದು. ಮೊದಲ ವರ್ಷ ಇದರಲ್ಲಿ ಯಾವ ತಕರಾರೂ ಇರಲಿಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ ಬಿಲ್ಲು ಇದ್ದಕ್ಕಿದ್ದಂತೆ ಏರಿತು. ಮುಂದಿನ ತಿಂಗಳು ಇನ್ನೂ ಏರಿತು. ಜೊತೆಗೆ ಮೋಟರಿನ ಕರೆಂಟು ಬಿಲ್ಲೂ. ಯಜಮಾನರು ಬಿಲ್ಲು ಹಿಡಿದುಕೊಂಡು ಬಂದು ಹೊಸ್ತಿಲ ಹೊರಗೆ ನಿಂತರು.

"ನೋಡ್ರಿ, ನಾನು ಯಾರ ಮ್ಯಾಲೂ ತಪ್ಪು ಹೊರಸಾಕತ್ತಿಲ್ಲ. ಆದ್ರ ಕೆಳಗ ನಾವಿಬ್ರ ಮುದುಕ್ರು. ನಾವು ಎಷ್ಟು ನೀರು ಬಳಸ್ತೀವಿ?"

"ಮೇಲೂ ನಾವಿಬ್ರ ಅದೀವ್ರಿ ಯಜಮಾನ್ರೆ," ಎಂದೆ.

"ಅದು ಖರೆ. ಆದ್ರ ನೀವು ದವಾಖಾನಿಯವ್ರು. ಕೈ ಬಾಳ ತೊಳೀತೀರಿ."

ನರ್ಸುಗಳು ಕೈ ತೊಳೆಯುವುದೇ ಇಲ್ಲ ಎಂದು ಊರೆಲ್ಲ ದೂರುತ್ತಿದ್ದ ಕಾಲದಲ್ಲಿ ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಅಂದಿನಿಂದ ನಮ್ಮ ಮೇಲೆ ನಿಗಾ ಶುರುವಾಯಿತು. ನಾನು ಬಟ್ಟೆ ಒಣಹಾಕಲು ಮಾಳಿಗೆಗೆ ಹೋದರೆ, ಟ್ಯಾಂಕಿನ ಮುಚ್ಚಳ ನೋಡುವ ನೆಪದಲ್ಲಿ ಅವರೂ ಬಂದು ಹಗ್ಗದ ಮೇಲಿನ ಬಟ್ಟೆ ನೋಡುತ್ತಿದ್ದರು. "ನಿನ್ನಿ ಹಾಕಿದ್ದ ಚಾದರ ಮತ್ತ ಇವತ್ತು ಒಗದೀರೇನು?" ನನ್ನ ಗಂಡ ಸ್ನಾನ ಮಾಡುವಾಗ ಕೆಳಗೆ ಬಚ್ಚಲ ಕಿಟಕಿಯ ನೇರಕ್ಕೆ ನಿಂತು, ಚೊಂಬಿನ ಸದ್ದು ಕೇಳುತ್ತಿದ್ದರು. ನನ್ನ ಗಂಡನಿಗೆ ಇದು ತಿಳಿದ ಮೇಲೆ, ಒಂದೇ ಚೊಂಬು ನೀರನ್ನು ಮೇಲಿನಿಂದ ಬಕೆಟ್ಟಿಗೇ ಮತ್ತೆ ಮತ್ತೆ ಸುರಿದು ಸದ್ದು ಮಾಡತೊಡಗಿದರು. ಕೆಳಗಿನಿಂದ ಯಜಮಾನರ ನಿಟ್ಟುಸಿರು ನಮ್ಮ ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

"ಯಾಕ್ರಿ ಆ ಮುದುಕರ ಬಿಪಿ ಏರಸ್ತೀರಿ?" ಎಂದು ನಾನು ಬೈದೆ. "ಆಮೇಲೆ ಇಳಸೋಳು ನಾನು."

ನಡುವೆ ಹರಪನಹಳ್ಳಿಯಲ್ಲಿ ನನ್ನ ನಾದಿನಿಯ ಮಗಳ ಮದುವೆ ಬಂತು. ನಾವು ಮನೆಗೆ ಬೀಗ ಹಾಕಿ ಹಲವು ದಿನ ಅಲ್ಲೇ ಇದ್ದೆವು. ಈ ತಿಂಗಳಾದರೂ ನಮ್ಮ ಕೈ ಶುದ್ಧವಾಯಿತು ಎಂದುಕೊಂಡು ಬಂದರೆ, ಯಜಮಾನರು ಗೇಟಿನಲ್ಲೇ ಕಾದಿದ್ದರು.

"ನೀವು ಊರಾಗ ಇಲ್ದಾಗ್ಲೂ ಟ್ಯಾಂಕ್ ಖಾಲಿ ಆತಲ್ಲ! ನಳ ಬಿಟ್ಟು ಹೋಗಿದ್ರೇನು?"

ನನ್ನ ಗಂಡ ಚೀಲ ಕೆಳಗಿಟ್ಟು, ಬೀಗ ತೆಗೆದು, ಬಾಗಿಲು ಪೂರ್ತಿ ತೆರೆದು, "ಬನ್ನಿ, ನೀವೇ ನೋಡ್ರಿ, ಯಾವ ನಳ ಬಿಟ್ಟೈತೆ," ಎಂದರು. ಯಜಮಾನರು ಒಳಗೆ ಬರಲಿಲ್ಲ. ಕತ್ತು ಚಾಚಿ ಹೊಸ್ತಿಲಿಂದಲೇ ಬಚ್ಚಲ ಕಡೆ ನೋಡಿ, "ಈಗ ಬಂದ್ ಆಗೈತಿ ಬಿಡ್ರಿ," ಎಂದು ಇಳಿದು ಹೋದರು.

ಮರುದಿನವೇ ಅವರು ನಮ್ಮ ಪೈಪಿಗೆ ಒಂದು ವಾಲ್ವ್ ಕೂರಿಸಿದರು. ಬೆಳಿಗ್ಗೆ ನಾವು ಕೆಲಸಕ್ಕೆ ಹೊರಟ ಮೇಲೆ ಅದನ್ನು ತಿರುವಿ ಬಂದ್ ಮಾಡುವುದು, ಸಂಜೆ ನಾವು ಬಂದ ಮೇಲೆ ಬಿಡುವುದು. ಪಾಪ, ಮೊಣಕಾಲು ನೋವಿನಲ್ಲೂ ದಿನಕ್ಕೆರಡು ಸಲ ಮಾಳಿಗೆ ಹತ್ತುತ್ತಿದ್ದರು. ಆ ನೋವಿಗೆ ಎಷ್ಟೋ ಡಾಕ್ಟರು ನಡೆಯಲು ಹೇಳಿ ಸೋತಿದ್ದರಂತೆ.

ವಾಲ್ವ್ ಬಂದ್ ಇದ್ದರೂ ಟ್ಯಾಂಕು ಖಾಲಿಯಾಗುತ್ತಲೇ ಇತ್ತು. ಒಂದು ಸಂಜೆ ನನ್ನ ಗಂಡ ತಾಳ್ಮೆಯಿಂದ ಕೇಳಿದರು:

"ಯಜಮಾನ್ರೆ, ನಮ್ಮ ವಾಲ್ವ್ ನೀವೇ ಬಂದ್ ಮಾಡಿದ್ರಿ. ನಾನು ಹಡಗಲಿ ಬಸ್ಸಿನಾಗಿದ್ದೆ, ಇವಳು ಆಸ್ಪತ್ರೆಯಾಗಿದ್ಲು. ಹಂಗಾದ್ರೆ ಟ್ಯಾಂಕಿನ ನೀರು ಎಲ್ಲಿ ಹೋತು?"

ಯಜಮಾನರು ಆಕಾಶದ ಕಡೆ ಕೈ ತೋರಿಸಿದರು. "ಬಿಸಲು ನೋಡ್ರಿ ಹೆಂಗೈತಿ. ಆವಿ ಆಗಿ ಹೋಗ್ತೈತಿ."

ಮುಚ್ಚಳ ಹಾಕಿದ ಟ್ಯಾಂಕಿನಿಂದ ಒಂದು ದಿನದಲ್ಲಿ ಅಷ್ಟು ನೀರು ಆವಿಯಾಗಿದ್ದರೆ ಕೊಟ್ಟೂರಿನ ಮೇಲೆ ಒಂದು ಮೋಡ ಕಾಯಂ ನಿಂತಿರಬೇಕಿತ್ತು. ನಾನು ಅದನ್ನು ಹೇಳಲಿಲ್ಲ. ಆದರೆ ಬೇರೊಂದು ಮಾತು ಹೇಳಿದೆ. ಕೆಳಗಿನ ಮನೆಯ ನಳಗಳನ್ನೂ ಒಮ್ಮೆ ನೋಡಿಸಿ, ಮುಖ್ಯವಾಗಿ ಕಮೋಡಿನ ಫ್ಲಶ್ ಟ್ಯಾಂಕು ನೋಡಿಸಿ; ನಮ್ಮ ಆಸ್ಪತ್ರೆಯಲ್ಲೂ ಹೀಗೇ ಸದ್ದಿಲ್ಲದೆ ಸೋರಿ ನೀರೆಲ್ಲ ಹೋಗುತ್ತಿತ್ತು ಎಂದೆ.

ಯಜಮಾನರ ಮುಖ ಕೆಂಪಾಯಿತು. ಆ ಕಮೋಡು ಮೊಣಕಾಲು ನೋವು ಶುರುವಾದ ಮೇಲೆ ಅವರೇ ಖುದ್ದಾಗಿ ದಾವಣಗೆರೆಗೆ ಹೋಗಿ ಆರಿಸಿ ತಂದದ್ದು. ಬಂದ ನೆಂಟರಿಗೆ ದೇವರ ಮನೆಗಿಂತ ಮೊದಲು ಅದನ್ನು ತೋರಿಸುತ್ತಿದ್ದರು.

"ಅದು ಕಂಪನಿ ಮಾಲು," ಎಂದರು. "ಅದು ಸೋರಂಗಿಲ್ಲ. ಮಂದಿ ಸೋರಸ್ತಾರ."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು. ನಾವು ಒಳಗೆ ಹೋಗಿ ನೋಡುತ್ತೇವೆ ಎಂದು ಕೇಳುವ ಹಾಗೂ ಇರಲಿಲ್ಲ. ಅವರ ಪಡಸಾಲೆಯಲ್ಲಿ ಬಿಪಿ ನೋಡಲು ನನಗೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಬಾಗಿಲ ಪಕ್ಕದಲ್ಲೇ. ಅದರಾಚೆಗೆ ನಾನು ಹೋದವಳಲ್ಲ. ಬಚ್ಚಲಂತೂ ದೂರದ ಮಾತು.

ಅಮ್ಮಾರಿಗೆ ಮಾತ್ರ ಸಂಶಯ ಬಂದಿತ್ತು. ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಾಗ ಅವರು ನನ್ನ ಹತ್ತಿರ ಸರಿದು ಮೆಲ್ಲಗೆ ಹೇಳಿದರು:

"ಸಿಸ್ಟರವ್ವ, ನಮ್ಮ ಬಚ್ಚಲದಾಗ ಸಣ್ಣಗ ಸುಂಯ್ ಅಂತ ಸಪ್ಪಳ ಬರ್ತೈತಿ. ಇವ್ರಿಗೆ ಹೇಳಿದ್ರ, ನಿನ್ನ ಕಿವಿ ಮಂದ ಆಗ್ಯಾವ ಅಂತಾರ. ಕಿವಿ ಮಂದ ಆದ್ರ ಸಪ್ಪಳ ಕೇಳಂಗಿಲ್ಲ ಹೌದಿಲ್ಲೋ?"

"ಹೌದ್ರಿ ಅಮ್ಮಾರೆ."

"ಅದು ಸೋರಾಕತ್ತೈತೋ ಇಲ್ಲೋ ಅಂತ ನೋಡೋದ್ಹೆಂಗ?"

ನಾನು ಹೇಳಿಕೊಟ್ಟೆ. ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ಅಡುಗೆಗೆ ಹಾಕುವ ಬಣ್ಣವನ್ನು ಸ್ವಲ್ಪ ಹಾಕಬೇಕು. ಆಮೇಲೆ ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಬೇಕು. ಕಮೋಡಿನ ಒಳಗಿನ ನೀರಿಗೆ ಬಣ್ಣ ಬಂದರೆ ಟ್ಯಾಂಕು ಸೋರುತ್ತಿದೆ ಎಂದರ್ಥ. ಬರದಿದ್ದರೆ ನಾವೇ ಕಳ್ಳರು.

"ಹಬ್ಬದ ಬೂಂದಿಗೆ ತಂದಿದ್ದ ಕೆಂಪು ಬಣ್ಣ ಉಳದೈತಿ," ಎಂದರು ಅಮ್ಮಾರು. ಅವರ ಕಣ್ಣಿನಲ್ಲಿ ಒಂದು ಬಗೆಯ ಹೊಳಪು ಕಂಡಿತು. ಮದುವೆಯಾದಾಗಿನಿಂದ ಗಂಡನ ಮಾತೊಂದನ್ನು ಸುಳ್ಳು ಮಾಡುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲವೇನೋ.

ಯಾವಾಗ ಮಾಡುತ್ತಾರೆಂದು ನನಗೆ ಹೇಳಲಿಲ್ಲ. ನಾನೂ ಮರೆತೆ. ಮುಂದಿನ ಸೋಮವಾರ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದು, ಸೀರೆ ಬದಲಿಸಿ, ಚಹಾಕ್ಕೆ ಇಟ್ಟಿದ್ದೆ. ನನ್ನ ಗಂಡ ಮೊದಲ ಬಸ್ಸಿಗೆ ಹೋಗಿದ್ದರು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲು ತೆಗೆದರೆ ಯಜಮಾನರು. ಬನಿಯನ್ನು, ಲುಂಗಿ. ಅವರನ್ನು ಅಂಗಿಯಿಲ್ಲದೆ ನಾನು ನೋಡಿದ್ದೇ ಇಲ್ಲ. ಮುಖ ಬೂದಿಯ ಹಾಗಾಗಿತ್ತು, ಬೆವರು ಇಳಿಯುತ್ತಿತ್ತು.

"ನಮ್ಮವ್ವಾ," ಎಂದರು. ಅವರು ನನ್ನನ್ನು ಮೇಲಿನವರು ಎನ್ನದೆ ಕರೆದದ್ದು ಅದೇ ಮೊದಲು. "ನಮ್ಮವ್ವಾ, ನನ್ನ ಕಥಿ ಮುಗೀತು."

ಹೀಗೆಂದವರು ಹೊಸ್ತಿಲು ದಾಟಿ ಸೀದಾ ಒಳಗೆ ಬಂದು ನಮ್ಮ ಮಂಚದ ಮೇಲೆ ಕುಳಿತುಬಿಟ್ಟರು. ಹೃದಯಾಘಾತವೇ ಇರಬೇಕು ಎಂದು ನಾಡಿ ಹಿಡಿದೆ. ಜೋರಾಗಿತ್ತು, ಆದರೆ ತಾಳ ತಪ್ಪಿರಲಿಲ್ಲ.

"ಎದಿ ನೋವೈತೇನ್ರಿ? ಎಡಗೈ ಜೋಮು?"

"ಎದಿ ಅಲ್ಲವ್ವಾ." ದನಿ ತಗ್ಗಿಸಿದರು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸುತ್ತ ನೋಡಿದರು. "ರಕ್ತ. ಒಂದಕ್ಕ ಹೋದ್ರ ರಕ್ತ. ಕಮೋಡೆಲ್ಲ ಕೆಂಪಗಾಗೈತಿ."

ಮೂತ್ರದಲ್ಲಿ ರಕ್ತ ಎಂದರೆ ನಗುವ ವಿಷಯವಲ್ಲ. ಅವರಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ನಿಜವಾಗಿಯೂ ಇತ್ತು. ನನ್ನ ನಿದ್ದೆಯೆಲ್ಲ ಹಾರಿಹೋಯಿತು. ಉರಿ ಇದೆಯೇ, ಜ್ವರ ಬಂದಿತ್ತೇ, ಬೆನ್ನು ನೋವೇ ಎಂದು ಕೇಳಿದೆ. ಎಲ್ಲಕ್ಕೂ ಇಲ್ಲ ಎಂದರು. ನಿನ್ನೆ ಬೀಟ್‌ರೂಟ್ ತಿಂದಿರೇ ಎಂದೆ.

"ನಮ್ಮ ಮನಿಯಾಗ ಅದನ್ನ ತರಂಗಿಲ್ಲ," ಎಂದು ಹೇಳಿ, ನಾಲಿಗೆ ಒಣಗಿ ತಡವರಿಸಿದರು. "ಒಂದೀಟು ನೀರು ಕೊಡವ್ವಾ."

ನಾನು ಅಡುಗೆಮನೆಯ ಕೊಡದಿಂದ ದೊಡ್ಡ ಲೋಟದಲ್ಲಿ ನೀರು ತಂದುಕೊಟ್ಟೆ. ಎರಡೂ ಕೈಯಿಂದ ಹಿಡಿದು ಗಟಗಟ ಕುಡಿದರು. ಇನ್ನೊಂದು ಲೋಟ ಕೇಳಿದರು. ಶುಗರ್, ಡಾಕ್ಟರು, ಈಗಷ್ಟೇ ಕುಡಿದು ಬಂದ ನೀರು, ಯಾವುದೂ ಅವರಿಗೆ ನೆನಪಾಗಲಿಲ್ಲ. ಗದ್ದದಿಂದ ನೀರು ಬನಿಯನ್ನಿನ ಮೇಲೆ ಹರಿಯುತ್ತಿತ್ತು. ನನ್ನ ತಾಯಿ ಹುಡುಗಿಯಾಗಿದ್ದಾಗ ಊರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ತನ್ನ ಕೊಡಕ್ಕೆ ಎತ್ತರದಿಂದ ಸುರಿಯಲಿ ಎಂದು ಕಾಯುತ್ತಿದ್ದಳು. ಅದನ್ನು ಅವಳು ನಮಗೆ ಅಳುತ್ತಾ ಹೇಳಿದವಳಲ್ಲ, ಯಾರು ಎಷ್ಟು ಜಿಪುಣತನದಿಂದ ಸುರಿಯುತ್ತಿದ್ದರು ಎಂದು ಅಣಕಿಸಿ ತೋರಿಸುತ್ತಿದ್ದಳು. ಊರಲ್ಲಿರುವ ಅವಳು ಈಗ ಇಲ್ಲಿರಬೇಕಿತ್ತು ಅನ್ನಿಸಿತು. ಅದೇ ಹೊತ್ತಿಗೆ, ಎದುರಿಗೆ ನಡುಗುತ್ತಾ ಕುಳಿತ ಮನುಷ್ಯನನ್ನು ನೋಡಿ ಅಯ್ಯೋ ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿದ್ದು ನಿಜ.

"ಅಮ್ಮಾರು ಎಲ್ಲಿ?" ಎಂದೆ.

"ಗುಡಿಗೆ ಹೋಗ್ಯಾಳ. ನಾನು ಏಳೋದ್ರಾಗ ಬರ್ತೀನಿ ಅಂದಿದ್ಲು. ಇವತ್ತ ನನಗ ಲಗೂನ ಎಚ್ಚರಾತು. ಆಕಿಗೆ ಏನಂತ ಹೇಳ್ಲಿ?"

ಅಮ್ಮಾರು ಇಲ್ಲ. ಕಮೋಡು ಕೆಂಪು. ಆಗ ನನ್ನ ತಲೆಯಲ್ಲಿ ಬೂಂದಿಯ ಬಣ್ಣ ಹೊಳೆಯಿತು.

ನಗು ಬಂದದ್ದನ್ನು ಹೇಗೆ ತಡೆದುಕೊಂಡೆನೋ. ತಕ್ಷಣ ಹೇಳಿಬಿಡಬಹುದಿತ್ತು. ಆದರೆ ನರ್ಸಾದವಳು ಊಹೆಯ ಮೇಲೆ ಹೇಳಬಾರದು, ಪರೀಕ್ಷೆ ಮಾಡಿಯೇ ಹೇಳಬೇಕು. ಮನೆಯಲ್ಲಿದ್ದ ಮೂತ್ರಪರೀಕ್ಷೆಯ ಸಣ್ಣ ಡಬ್ಬಿಯೊಂದನ್ನು ಕೊಟ್ಟು, ನಮ್ಮ ಬಚ್ಚಲಿಗೇ ಹೋಗಿ ಬನ್ನಿ ಎಂದೆ. ತಿಂಗಳುಗಟ್ಟಲೆ ಕೆಳಗೆ ನಿಂತು ಕಿವಿಗೊಟ್ಟ ಬಚ್ಚಲಿಗೆ ಯಜಮಾನರು ಕೊನೆಗೂ ಪ್ರವೇಶ ಮಾಡಿದರು. ಹೊರಗೆ ಬಂದಾಗ ಡಬ್ಬಿಯನ್ನು ಬೆಳಕಿಗೆ ಹಿಡಿದು ಬೆರಗಾಗಿ ನೋಡುತ್ತಿದ್ದರು. ಒಳಗಿದ್ದದ್ದು ತಿಳಿಹಳದಿ, ಯಾರಿಗೂ ಇರಬೇಕಾದಂಥದ್ದು.

"ರಕ್ತ ನಿಂತೈತಿ!" ಎಂದರು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅಮ್ಮಾರು ಕೈಯಲ್ಲಿ ಹೂವು, ಕಾಯಿ ಹಿಡಿದು ಬಂದವರು ಮೇಲಿನ ಮಾತು ಕೇಳಿ ಮೆಟ್ಟಿಲ ಬುಡದಿಂದ ಕೂಗಿದರು.

"ರೀ, ಅಲ್ಲೇನು ಮಾಡಾಕತ್ತೀರಿ? ಕಮೋಡು ನೋಡಿದ್ರೇನು? ಕೆಂಪಗಾಗೈತೇನು?"

ಯಜಮಾನರು ನನ್ನ ಮುಖ ನೋಡಿದರು. "ಆಕಿಗೆ ಹೆಂಗ ಗೊತ್ತಾತು?"

"ನಾನ ಬಣ್ಣ ಹಾಕಿ ಹೋಗಿದ್ದೆ ಟ್ಯಾಂಕಿಗೆ!" ಅಮ್ಮಾರು ಮೆಟ್ಟಿಲು ಹತ್ತುತ್ತಲೇ ಹೇಳಿದರು. "ಕೆಂಪಗಾಗಿದ್ರ ಅದ ಸೋರಾಕತ್ತೈತಿ ಅಂತ. ನಾನು ಹೇಳಿದ್ನಿಲ್ಲ ಸುಂಯ್ ಅಂತೈತಿ ಅಂತ?"

ಯಜಮಾನರು ಡಬ್ಬಿ ಹಿಡಿದುಕೊಂಡು ನಮ್ಮ ಪಡಸಾಲೆಯ ನಡುವೆ ನಿಂತಿದ್ದರು. ಜೀವ ಉಳಿದ ಸಂತೋಷ, ಹೆಂಡತಿ ಗೆದ್ದ ದುಃಖ, ಇವೆರಡರಲ್ಲಿ ಯಾವುದನ್ನು ಮೊದಲು ಮುಖಕ್ಕೆ ತರಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಸಿಟ್ಟನ್ನು ಆರಿಸಿಕೊಂಡರು.

"ಹೇಳಿ ಹಾಕ್ಬೇಕಿಲ್ಲೇನು? ನಾನು ಸತ್ತ ಹೋಗಿದ್ನಲ್ಲ!"

"ಹೇಳಿದ್ರ ಹಾಕಾಕ ಬಿಡ್ತಿದ್ರೇನು?" ಎಂದರು ಅಮ್ಮಾರು. ಸೆರಗು ಬಾಯಿಗಿಟ್ಟು ನಗಲು ಶುರುಮಾಡಿದರು. ಅವರು ನಕ್ಕ ಮೇಲೆ ನಾನೂ ನಕ್ಕೆ. ಒಲೆಯ ಮೇಲಿನ ಚಹಾ ಉಕ್ಕಿ ಹರಿದಿತ್ತು.

ಮಧ್ಯಾಹ್ನ ಪ್ಲಂಬರು ಬಂದ. ಟ್ಯಾಂಕಿನ ಒಳಗಿನ ರಬ್ಬರು ವಾಷರು ಗಟ್ಟಿಯಾಗಿ ಸೀಳಿತ್ತು. ಹಗಲೂ ಇರುಳೂ ಸಣ್ಣಗೆ ನೀರು ಜಾರುತ್ತಿತ್ತು. ಅವನು ಹೊಸದು ಹಾಕಿ ಹೊರಟ. ಅವನಿಗೆ ಯಜಮಾನರು ಹೇಳುತ್ತಿದ್ದುದನ್ನು ನಾನು ಮೇಲಿನಿಂದ ಕೇಳಿದೆ: "ನನಗ ಮೊದಲಿಂದ ಸಂಶಯ ಇತ್ತು. ಅದಕ್ಕ ಬಣ್ಣ ಹಾಕಿ ನೋಡಿದೆ."

ವಾರದೊಳಗೆ ಅವರು ಓಣಿಯ ಸೋರಿಕೆ ತಜ್ಞರಾದರು. ಯಾರ ಮನೆಯಲ್ಲಿ ಬಿಲ್ಲು ಏರಿದರೂ ಬಣ್ಣದ ಪೊಟ್ಟಣ ಹಿಡಿದು ಹೋಗುತ್ತಿದ್ದರು. ಕೆಲವು ಕಡೆ ಸೋರಿಕೆ ಸಿಕ್ಕಿತೂ ಕೂಡ. ಆದರೆ ಬಣ್ಣ ಹಾಕುವ ಮೊದಲು ಮನೆಯವರಿಗೆಲ್ಲ ಜೋರಾಗಿ ಕೂಗಿ ಹೇಳುತ್ತಿದ್ದರು, ಮಲಗಿದವರನ್ನೂ ಎಬ್ಬಿಸಿ ಹೇಳುತ್ತಿದ್ದರು. ಅಷ್ಟೊಂದು ಎಚ್ಚರಿಕೆ ಯಾಕೆಂದು ಓಣಿಯವರಿಗೆ ತಿಳಿಯಲಿಲ್ಲ. ತಿಳಿದಿದ್ದ ಮೂವರಲ್ಲಿ ಅಮ್ಮಾರು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕನೆಯವರಾದ ನನ್ನ ಗಂಡನಿಗೆ ಮಾತ್ರ ಆ ಸಂಜೆಯೇ ಹೇಳಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, "ಎರಡು ಲೋಟ ಕುಡಿದ್ರಾ?" ಎಂದು ಮತ್ತೊಮ್ಮೆ ಕೇಳಿದರು.

ತಾಯಿಗೂ ಫೋನು ಮಾಡಿದೆ. ಅವಳು ಪೂರ್ತಿ ಕೇಳಿ, "ಪಾಪ, ಬಾಳ ಅಂಜ್ಯಾನ ಬಿಡು," ಎಂದಳು. ಆಮೇಲೆ, "ಯಾವ ಲೋಟದಾಗ ಕೊಟ್ಟಿ? ನಾನು ಕೊಟ್ಟಿದ್ದ ಹಿತ್ತಾಳಿದೇನು?" ಎಂದು ಕೇಳಿದಳು. ಸ್ಟೀಲಿನದು ಎಂದೆ. ಅವಳಿಗೆ ಕೊಂಚ ಬೇಸರವಾಯಿತು.

ಆಮೇಲೆ ಯಜಮಾನರು ಬಿಪಿ ನೋಡಿಸಲು ತಾವೇ ಮೇಲೆ ಬರತೊಡಗಿದರು. ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಕೆಲವು ದಿನ ಚಹಾ ಕುಡಿಯುತ್ತಿದ್ದರು, ಕೆಲವು ದಿನ ಆಗಷ್ಟೇ ಕುಡಿದು ಬಂದಿರುತ್ತಿದ್ದರು. ನೆಂಟರು ಜೊತೆಗಿದ್ದರೆ ಮಾತ್ರ ತಪ್ಪದೆ ಹೊಸ್ತಿಲ ಹೊರಗೇ ನಿಲ್ಲುತ್ತಿದ್ದರು. ಕಂಪನಿ ಮಾಲಿನ ವಾಷರು ಬದಲಿಸಿದಷ್ಟು ಸುಲಭವಾಗಿ ಎಲ್ಲವನ್ನೂ ಬದಲಿಸಲಾಗುವುದಿಲ್ಲ ಎಂದು ನಾನೂ ಒತ್ತಾಯ ಮಾಡುತ್ತಿರಲಿಲ್ಲ.

ಮುಂದಿನ ಬಿಲ್ಲು ಬಂದಾಗ ಅದು ಮೊದಲಿನ ಹಾಗೆ ಇಳಿದಿತ್ತು. ಯಜಮಾನರು ಅದನ್ನು ಹಿಡಿದು ಉತ್ಸಾಹದಿಂದ ಮೇಲೆ ಬಂದರು. ಅಂದು ನನ್ನ ಗಂಡನಿಗೆ ವಾರದ ರಜೆ.

"ನೋಡ್ರಿ," ಎಂದರು ಯಜಮಾನರು, "ನೀವು ಸ್ವಲ್ಪ ಹುಷಾರಾಗಿ ಬಳಸಿದ್ರಿ, ಎಷ್ಟು ಫರಕ್ ಆತು!"

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, ತುಂಬಿದ ಬಸ್ಸಿನಲ್ಲಿ ಜಗಳಗಂಟ ಪ್ರಯಾಣಿಕನಿಗೆ ಚಿಲ್ಲರೆ ಕೊಡುವಷ್ಟೇ ವಿನಯದಿಂದ, "ಎಲ್ಲಾ ನಿಮ್ಮ ಮಾರ್ಗದರ್ಶನ ಯಜಮಾನ್ರೆ," ಎಂದರು.

ಕೆಳಗಿನಿಂದ ಅಮ್ಮಾರ ದನಿ ಕೇಳಿಸಿತು. "ರೀ, ಸುಮ್ನ ಕೆಳಗ ಬರ್ರಿ. ಆ ಸಿಸ್ಟರವ್ವ ಓಣಿಗೆಲ್ಲಾ ಕೆಂಪು ಬಣ್ಣದ ಕಥಿ ಹೇಳಿಬಿಟ್ಟಾಳು ಮತ್ತ!"

ಯಜಮಾನರು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡು, ಪಕ್ಕದ ಕಟಾಂಜನದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು.